ವಿಮಾನ ನಿರ್ವಹಣಾ ಸಂಸ್ಥೆಯ ಟೂಲ್ ಸ್ಟೋರ್: ಡಿಜಿಸಿಎ ಆಡಿಟ್‌ಗೆ ನಿಲ್ಲುವಂತೆ ಕಟ್ಟುವ ಕ್ರಮ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆಯಿಂದ ದೇವನಹಳ್ಳಿಯ ಹ್ಯಾಂಗರ್‌ಗಳಿಗೆ ಶಿಫ್ಟ್‌ಗೆ ಹೋಗಿಬರುವ ಟೆಕ್ನಿಷಿಯನ್‌ಗಳು ಮತ್ತು ಟೂಲ್ ಸ್ಟೋರ್ ನೋಡಿಕೊಳ್ಳುವವರಿಗಾಗಿ ಈ ಬರಹ. ವೇಮಗಲ್, ನರಸಾಪುರ, ವಸಂತನರಸಾಪುರದಲ್ಲಿ ಮಷಿನ್ ಶಾಪ್ ಇಟ್ಟುಕೊಂಡು ವಿಮಾನ ನಿರ್ವಹಣಾ ಸಂಸ್ಥೆಗಳಿಗೆ ಫಿಕ್ಸ್‌ಚರ್, ಪುಲ್ಲರ್, ಸ್ಟ್ಯಾಂಡ್ ಮಾಡಿಕೊಡುವ ಯೋಚನೆಯಲ್ಲಿರುವವರಿಗೂ ಇದು ಬೇಕಾಗುತ್ತದೆ. ಆಡಿಟರ್ ಒಂದು ಟಾರ್ಕ್ ವ್ರೆಂಚ್ (ಬೋಲ್ಟನ್ನು ಹೇಳಿದಷ್ಟೇ ಬಲದಲ್ಲಿ ಬಿಗಿಯುವ ಉಪಕರಣ) ಕೈಗೆತ್ತಿಕೊಂಡಾಗ ಸ್ಟಿಕ್ಕರ್ ಮೇಲಿನ ತಾರೀಕಷ್ಟನ್ನೇ ನೋಡುವುದಿಲ್ಲ. ಆ ವ್ರೆಂಚ್ ಹೋದ ವರ್ಷ ಯಾವ ವಿಮಾನದ ಯಾವ ಬೋಲ್ಟ್ ಮುಟ್ಟಿತು ಎಂದು ನಿಮ್ಮ ದಾಖಲೆಯಿಂದ ಹೇಳಲು ಸಾಧ್ಯವೇ ಎಂದು ನೋಡುತ್ತಾರೆ. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿರಲಿ ಎಂಬುದಕ್ಕಾಗಿಯೇ ಇವೆ.

ಯಾರ ನಿಯಮ, ಯಾವ ನಿಯಮ

ನಾಗರಿಕ ವಿಮಾನಗಳ ನಿರ್ವಹಣೆಗೆ ಅನುಮತಿ ಕೊಡುವುದು, ತಪಾಸಣೆ ಮಾಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. 1937ರ ವಿಮಾನ ನಿಯಮಗಳ 133ಬಿ ನಿಯಮದಡಿ ಸಂಸ್ಥೆಗೆ ಅನುಮೋದನೆ ಸಿಗುತ್ತದೆ. ಅದರ ಷರತ್ತುಗಳು ಡಿಜಿಸಿಎಯ ನಿಯಮಾವಳಿಯಾದ ಸಿಎಆರ್-145ರಲ್ಲಿವೆ. ಈ ನಿಯಮಗಳಿಗೆ ಆಧಾರವಾದ ಕಾಯ್ದೆ ಮೊದಲು 1934ರದ್ದಾಗಿತ್ತು. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ, 2024 ಅದರ ಜಾಗಕ್ಕೆ ಬಂದಿದೆ.

ಉಪಕರಣದ ಮಟ್ಟಿಗೆ ಮುಖ್ಯವಾದದ್ದು ಸಿಎಆರ್-145ರ 145.ಎ.40 ವಿಭಾಗ. ಅದು ಹೇಳುವುದು ಇಷ್ಟು: ತಯಾರಕರು ಮ್ಯಾನುಯಲ್‌ನಲ್ಲಿ ಹೇಳಿದ ಟೂಲನ್ನೇ ಬಳಸಬೇಕು, ಬದಲಿ ಬಳಸುವುದಾದರೆ ಒಪ್ಪಿಗೆ ಪಡೆದ ಕ್ರಮದಲ್ಲಿ ಬಳಸಬೇಕು. ಅಪರೂಪಕ್ಕೆ ಬೇಕಾಗುವ ಟೂಲ್ ಬಿಟ್ಟು ಉಳಿದವು ಯಾವಾಗಲೂ ಕೈಗೆ ಸಿಗುವಂತಿರಬೇಕು. ಎಲ್ಲ ಉಪಕರಣ ನಿಯಂತ್ರಣದಲ್ಲಿರಬೇಕು, ಅಳತೆ ಮಾಡುವಂಥವು ಮಾನ್ಯ ಮಾನದಂಡಕ್ಕೆ ತಕ್ಕಂತೆ ಕ್ಯಾಲಿಬ್ರೇಟ್ ಆಗಿರಬೇಕು (ಸರಿಯಾಗಿ ಅಳೆಯುತ್ತವೆಯೇ ಎಂದು ಹೋಲಿಸಿ ಪರೀಕ್ಷಿಸಿರಬೇಕು), ಅದರ ದಾಖಲೆ ಉಳಿದಿರಬೇಕು. ಸಂಸ್ಥೆ ಇದನ್ನೆಲ್ಲ ಹೇಗೆ ಮಾಡುತ್ತದೆ ಎನ್ನುವುದು ಅದರ ಎಂಒಇ ಎಂಬ ಕೈಪಿಡಿಯ 2.4ರಿಂದ 2.6ರವರೆಗಿನ ಭಾಗಗಳಲ್ಲಿ ಬರುತ್ತದೆ: ಟೂಲ್ ಸ್ವೀಕಾರ, ಕ್ಯಾಲಿಬ್ರೇಷನ್, ಸಿಬ್ಬಂದಿ ಬಳಕೆ. ಸ್ಟೋರ್‌ನಲ್ಲಿರುವವರು ಈ ಪುಟಗಳನ್ನು ತೆಗೆದು ಓದಿರಲೇಬೇಕು. ಕೈಪಿಡಿಯಲ್ಲಿ ಬರೆದದ್ದು ಒಂದು, ಕೌಂಟರ್‌ನಲ್ಲಿ ನಡೆಯುವುದು ಇನ್ನೊಂದು ಎಂಬ ಸ್ಥಿತಿ ಆಡಿಟ್‌ನಲ್ಲಿ ಬೇಗ ಬಯಲಾಗುತ್ತದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಕೆಲಸ ಮಾಡಿಕೊಡುವ ತುಮಕೂರು ಕಡೆಯವರು ಒಂದು ವ್ಯತ್ಯಾಸ ತಿಳಿದಿರಲಿ. ಸೇನಾ ವಿಮಾನಗಳ ಹಾರಾಟ ಯೋಗ್ಯತೆ ಸೆಮಿಲ್ಯಾಕ್‌ನದ್ದು, ಗುಣಮಟ್ಟ ಭರವಸೆ ಡಿಜಿಎಕ್ಯೂಎದ್ದು; ಎರಡೂ ರಕ್ಷಣಾ ಇಲಾಖೆಯ ಸಂಸ್ಥೆಗಳು. ಒಂದು ಕಡೆಯ ಒಪ್ಪಿಗೆ ಪತ್ರ ಇನ್ನೊಂದು ಕಡೆ ತಾನಾಗಿಯೇ ನಡೆಯುವುದಿಲ್ಲ.

ಹೆಜ್ಜೆ 1: ಪಟ್ಟಿಯನ್ನು ಮ್ಯಾನುಯಲ್‌ನಿಂದ ಹೊರಡಿಸಿ

ಹೆಚ್ಚಿನ ಕಡೆ ಟೂಲ್ ಪಟ್ಟಿಯನ್ನು ಕಪಾಟಿನಿಂದ ಬರೆಯುತ್ತಾರೆ, ಅಂದರೆ ಇರುವುದನ್ನು ಎಣಿಸಿ ಬರೆಯುತ್ತಾರೆ. ಇದು ತಲೆಕೆಳಗು. ನಿಮ್ಮ ಅನುಮೋದನೆಯಲ್ಲಿ ಯಾವ ಕೆಲಸಗಳಿವೆಯೋ ಅವುಗಳಿಂದ ಶುರುಮಾಡಿ. ಪ್ರತಿ ಟಾಸ್ಕ್‌ಗೆ ಮ್ಯಾನುಯಲ್ ಹೇಳುವ ಟೂಲಿನ ಪಾರ್ಟ್ ನಂಬರ್ ಬರೆದುಕೊಳ್ಳಿ. ಅದರ ಎದುರು ಮೂರರಲ್ಲಿ ಒಂದು ಉತ್ತರ ಬರಬೇಕು: ನಮ್ಮಲ್ಲಿದೆ, ಇಂಥವರಿಂದ ಲಿಖಿತ ಒಪ್ಪಂದದ ಮೇಲೆ ತರಿಸುತ್ತೇವೆ, ಒಪ್ಪಿಗೆ ಪಡೆದ ಬದಲಿ ಇದೆ. ಮೂರೂ ಇಲ್ಲವಾದರೆ ಆ ಕೆಲಸ ಮಾಡುವ ಹಕ್ಕು ಕಾಗದದಲ್ಲಿದೆ, ಸಾಮರ್ಥ್ಯ ಇಲ್ಲ. ಆಡಿಟರ್ ಹಿಡಿಯುವುದು ಇದನ್ನೇ.

ಮ್ಯಾನುಯಲ್ ಪರಿಷ್ಕರಣೆ ಬಂದಾಗಲೆಲ್ಲ ಪಟ್ಟಿ ಮತ್ತೆ ನೋಡಬೇಕು. ಟೂಲಿನ ಪಾರ್ಟ್ ನಂಬರ್ ಬದಲಾಗಿರುತ್ತದೆ, ಕಪಾಟಿನಲ್ಲಿ ಹಳೆಯದೇ ಇರುತ್ತದೆ. ನೋಡಲು ಎರಡೂ ಒಂದೇ ಥರ ಇರುತ್ತವೆ. ಪರಿಷ್ಕರಣೆ ಸ್ವೀಕರಿಸುವ ಟೆಕ್ನಿಕಲ್ ಲೈಬ್ರರಿಯಿಂದ ಟೂಲ್ ಸ್ಟೋರ್‌ಗೆ ಒಂದು ಚೀಟಿ ಹೋಗುವ ವ್ಯವಸ್ಥೆ ಇದ್ದರೆ ಸಾಕು, ಈ ತೊಂದರೆ ಬಹುಪಾಲು ನಿಲ್ಲುತ್ತದೆ.

ಹೆಜ್ಜೆ 2: ಬದಲಿ ಟೂಲ್

ತಯಾರಕರ ಟೂಲ್ ದುಬಾರಿ, ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸ್ಥಳೀಯವಾಗಿ ಮಾಡಿಸುವುದು ಸಹಜ, ನಿಯಮದಲ್ಲೂ ಅದಕ್ಕೆ ದಾರಿ ಇದೆ. ಆದರೆ ಬದಲಿ ಟೂಲ್ ಎಂದರೆ ಬದಲಿ ವಿಧಾನವಲ್ಲ. 1979ರ ಮೇ 25ರಂದು ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ಬಿದ್ದು 273 ಜನ ಸತ್ತದ್ದು ಈ ಗೆರೆ ದಾಟಿದ್ದರಿಂದ. ಎಂಜಿನ್ ಇಳಿಸಿ ಆಮೇಲೆ ಪೈಲಾನ್ (ಎಂಜಿನ್ನನ್ನು ರೆಕ್ಕೆಗೆ ಹಿಡಿದಿಡುವ ಭಾಗ) ಇಳಿಸಿ ಎಂದು ತಯಾರಕರು ಹೇಳಿದ್ದರು. ಸಮಯ ಉಳಿಸಲು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್‌ನಿಂದ ಇಳಿಸಿ ಏರಿಸುವ ರೂಢಿ ಬಂತು. ಅಷ್ಟು ಭಾರವನ್ನು ಕೂದಲೆಳೆಯಷ್ಟು ಸರಿಸುವ ನಿಖರತೆ ಫೋರ್ಕ್‌ಲಿಫ್ಟ್‌ಗೆ ಇರಲಿಲ್ಲ. ಪೈಲಾನ್‌ನ ಹಿಂಬದಿಯ ಬಲ್ಕ್‌ಹೆಡ್ ಅಂಚು ಬಿರುಕು ಬಿಟ್ಟಿತು, ಕೆಲವು ವಾರಗಳ ಬಳಿಕ ಟೇಕ್‌ಆಫ್ ವೇಳೆ ಎಂಜಿನ್ ಪೈಲಾನ್ ಸಮೇತ ಕಳಚಿ ಹೋಯಿತು.

ಬದಲಿಗೆ ಒಪ್ಪಿಗೆ ಪಡೆಯುವ ಕಡತದಲ್ಲಿ ಇವು ಇರಲಿ: ಮೂಲ ಟೂಲಿನ ಡ್ರಾಯಿಂಗ್ ಅಥವಾ ಅದು ಮಾಡಬೇಕಾದ ಕೆಲಸದ ಪೂರ್ತಿ ವಿವರ, ಬದಲಿ ಟೂಲಿನ ಡ್ರಾಯಿಂಗ್ ಪರಿಷ್ಕರಣೆ ಸಂಖ್ಯೆಯೊಂದಿಗೆ, ಲೋಹದ ಟೆಸ್ಟ್ ಸರ್ಟಿಫಿಕೇಟ್, ಹೀಟ್ ಟ್ರೀಟ್‌ಮೆಂಟ್ ಮಾಡಿದ್ದರೆ ಗಡಸುತನದ ವರದಿ, ಅಳತೆ ವರದಿ, ಭಾರ ಹೊರುವಂಥದ್ದಾದರೆ ಲೋಡ್ ಟೆಸ್ಟ್ ಪ್ರಮಾಣಪತ್ರ. ಎಂಜಿನಿಯರಿಂಗ್ ವಿಭಾಗ ಇವನ್ನು ಹೋಲಿಸಿ ಸಹಿ ಮಾಡಬೇಕು. ಟೂಲಿಗೆ ನಿಮ್ಮದೇ ನಂಬರ್ ಕೊಡಿ, ಮ್ಯಾನುಯಲ್ ನಂಬರಿಗೂ ನಿಮ್ಮ ನಂಬರಿಗೂ ಇರುವ ಜೋಡಿಯನ್ನು ರಿಜಿಸ್ಟರ್‌ನಲ್ಲಿ ಬರೆಯಿರಿ. ಮೂಲ ನಂಬರನ್ನೇ ಬದಲಿಯ ಮೇಲೆ ಕೊರೆಸುವುದು ದೊಡ್ಡ ತಪ್ಪು.

ವರ್ಕ್‌ಶಾಪ್‌ನವರಿಗೆ ಇನ್ನೊಂದು ಮಾತು. ಗಿರಾಕಿ ಹಳೆಯ ಪುಲ್ಲರ್ ತಂದುಕೊಟ್ಟು ‘ಇದೇ ಥರ ಮಾಡಿಕೊಡಿ’ ಎಂದರೆ ಒಪ್ಪಿಕೊಳ್ಳಬೇಡಿ. ಸವೆದ ಮಾದರಿಯನ್ನು ಅಳೆದು ಮಾಡಿದರೆ ಸವೆತವೂ ಹೊಸದಕ್ಕೆ ಬರುತ್ತದೆ. ಡ್ರಾಯಿಂಗ್ ಕೇಳಿ, ಇಲ್ಲವಾದರೆ ಅದು ಹಿಡಿಯುವ ಭಾಗದ ಅಳತೆ ಮತ್ತು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) ಲಿಖಿತವಾಗಿ ಪಡೆಯಿರಿ. ನಂಬರ್ ಹಾಕುವಾಗ ಸ್ಟೀಲ್ ಪಂಚ್‌ನಿಂದ ಹೊಡೆಯಬೇಡಿ. ಒತ್ತಡ ಬೀಳುವ ಜಾಗದಲ್ಲಿ ಆ ಗುರುತೇ ಬಿರುಕಿನ ಬೀಜವಾಗುತ್ತದೆ. ಲೇಸರ್ ಅಥವಾ ಎಲೆಕ್ಟ್ರೋ ಕೆಮಿಕಲ್ ಎಚಿಂಗ್ ಆಗಲಿ, ಅದೂ ಒತ್ತಡ ಕಡಿಮೆ ಇರುವ ಕಡೆ.

ಹೆಜ್ಜೆ 3: ಒಳಗೆ ಬರುವಾಗಲೇ ತಡೆಯಿರಿ

ಹೊಸ ಟೂಲ್ ಬಂದ ತಕ್ಷಣ ಕಪಾಟಿಗೆ ಹೋಗಬಾರದು. ಬೇರೆ ಜಾಗದಲ್ಲಿ ಇಟ್ಟು, ಆರ್ಡರ್, ಪಾರ್ಟ್ ನಂಬರ್, ಸೀರಿಯಲ್ ನಂಬರ್, ಪ್ರಮಾಣಪತ್ರ ಹೋಲಿಸಿ, ಕಣ್ಣಿನಿಂದ ನೋಡುವ ತಪಾಸಣೆ ಮುಗಿಸಿ, ಗುರುತಿನ ನಂಬರ್ ಕೊಟ್ಟು ಆಮೇಲೆ ಒಳಗೆ. ಬಾಡಿಗೆಗೆ ತಂದ ಟೂಲಿಗೂ ಇದೇ ನಿಯಮ. ರಿಪೇರಿಯಿಂದ ವಾಪಸ್ ಬಂದದ್ದಕ್ಕೂ ಇದೇ.

ಹೆಜ್ಜೆ 4: ಕ್ಯಾಲಿಬ್ರೇಷನ್

ಮೊದಲು ವಿಂಗಡಿಸಿ. ಸಾಮಾನ್ಯ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗೆ ಕ್ಯಾಲಿಬ್ರೇಷನ್ ಬೇಡ, ಸವೆತ ನೋಡಿದರೆ ಸಾಕು. ಒಪ್ಪು-ತಿರಸ್ಕಾರ ನಿರ್ಧರಿಸುವ ಪ್ರತಿಯೊಂದಕ್ಕೂ ಬೇಕು: ಟಾರ್ಕ್ ವ್ರೆಂಚ್, ಮೈಕ್ರೋಮೀಟರ್, ಪ್ರೆಷರ್ ಗೇಜ್, ಮಲ್ಟಿಮೀಟರ್, ಬಾಂಡಿಂಗ್ ಮೀಟರ್ (ಲೋಹದ ಭಾಗಗಳ ನಡುವಿನ ವಿದ್ಯುತ್ ಸಂಪರ್ಕ ಅಳೆಯುವುದು), ಕ್ರಿಂಪಿಂಗ್ ಟೂಲ್ (ವೈರ್ ತುದಿಗೆ ಟರ್ಮಿನಲ್ ಒತ್ತಿ ಕೂರಿಸುವುದು), ಪಿಟೋ-ಸ್ಟ್ಯಾಟಿಕ್ ಟೆಸ್ಟ್ ಸೆಟ್ (ವೇಗ, ಎತ್ತರ ತೋರಿಸುವ ವ್ಯವಸ್ಥೆ ಪರೀಕ್ಷಿಸುವುದು), ವಿಮಾನ ತೂಗುವ ತಕ್ಕಡಿ. ಅಂದಾಜಿಗೆ ಮಾತ್ರ ಬಳಸುವ ಮೀಟರ್ ಇದ್ದರೆ ‘ಸೂಚನೆಗೆ ಮಾತ್ರ’ ಎಂದು ಅಂಟಿಸಿ. ಏನೂ ಅಂಟಿಸದೆ ಬಿಟ್ಟ ಮೀಟರ್ ಆಡಿಟ್‌ನಲ್ಲಿ ಖಂಡಿತ ಆಕ್ಷೇಪವಾಗುತ್ತದೆ.

ಲ್ಯಾಬ್ ಆರಿಸುವಾಗ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬುದಷ್ಟೇ ಸಾಲದು. ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ/ಐಇಸಿ 17025ರಡಿ ಸಿಗುವ ಮಾನ್ಯತೆ ಇಡೀ ಲ್ಯಾಬಿಗಲ್ಲ, ನಿರ್ದಿಷ್ಟ ಅಳತೆಗೆ, ನಿರ್ದಿಷ್ಟ ವ್ಯಾಪ್ತಿಗೆ ಸೀಮಿತ. ಟಾರ್ಕ್‌ಗೆ ಮಾನ್ಯತೆ ಇರುವ ಲ್ಯಾಬಿಗೆ ನಿಮ್ಮ 1,000 ನ್ಯೂಟನ್ ಮೀಟರ್ ವ್ರೆಂಚ್‌ನ ವ್ಯಾಪ್ತಿ ಇರದೇ ಹೋಗಬಹುದು. ಮಾನ್ಯತೆಯ ವ್ಯಾಪ್ತಿ ಪಟ್ಟಿ ತರಿಸಿ ಸಾಲು ಸಾಲಾಗಿ ಹೋಲಿಸಿ.

ಸರ್ಟಿಫಿಕೇಟ್ ಬಂದಾಗ ಫೈಲಿಗೆ ಸೇರಿಸುವ ಮುನ್ನ ಓದಿ. ಸೀರಿಯಲ್ ನಂಬರ್ ಸರಿಯಿದೆಯೇ, ನೀವು ನಿಜವಾಗಿ ಬಳಸುವ ಬಿಂದುಗಳಲ್ಲಿ ಅಳೆದಿದ್ದಾರೆಯೇ, ಅಳತೆಯ ಅನಿಶ್ಚಿತತೆ (ಎಷ್ಟು ಆಚೀಚೆ ಇರಬಹುದು ಎಂಬುದು) ಬರೆದಿದೆಯೇ, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಂಥ ರಾಷ್ಟ್ರೀಯ ಮಾನಕದವರೆಗೆ ಸರಪಳಿ ಕಾಣುತ್ತದೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಸರಿಪಡಿಸುವ ಮೊದಲಿನ ಅಳತೆ ಮತ್ತು ಸರಿಪಡಿಸಿದ ಮೇಲಿನ ಅಳತೆ ಎರಡೂ ಇವೆಯೇ. ಬಹಳ ಲ್ಯಾಬ್‌ಗಳು ಕೇಳದಿದ್ದರೆ ಎರಡನೆಯದನ್ನಷ್ಟೇ ಕೊಡುತ್ತವೆ. ಪರ್ಚೇಸ್ ಆರ್ಡರ್‌ನಲ್ಲೇ ಎರಡೂ ಬೇಕೆಂದು ಬರೆಯಿರಿ. ಕಾರಣ ಮುಂದಿನ ಹೆಜ್ಜೆಯಲ್ಲಿದೆ. ಮುಂದಿನ ಗಡುವನ್ನು ಲ್ಯಾಬ್ ಕೊಡಲಿ ಎಂದು ಕಾಯಬೇಡಿ. ಗ್ರಾಹಕರು ಒಪ್ಪಿಕೊಂಡಿದ್ದರೆ ಹೊರತು ಸರ್ಟಿಫಿಕೇಟ್‌ನಲ್ಲಿ ಅವಧಿ ಶಿಫಾರಸು ಮಾಡಬಾರದು ಎಂದೇ 17025 ಹೇಳುತ್ತದೆ. ಅವಧಿ ನಿಗದಿ ನಿಮ್ಮ ಜವಾಬ್ದಾರಿ.

ಟಾರ್ಕ್ ವ್ರೆಂಚ್‌ಗೆ ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನದಂಡ ಆಧಾರ. ತಯಾರಕರು ಬೇರೆ ಹೇಳದಿದ್ದರೆ 12 ತಿಂಗಳು ಅಥವಾ 5,000 ಬಾರಿ ಬಳಕೆ, ಯಾವುದು ಮೊದಲೋ ಅದು. ಗರಿಷ್ಠ ಮಿತಿಯ 20, 60, 100 ಶೇಕಡಾ ಬಿಂದುಗಳಲ್ಲಿ ಪರೀಕ್ಷೆ. 10 ನ್ಯೂಟನ್ ಮೀಟರ್‌ಗಿಂತ ದೊಡ್ಡದಾದ, ಕ್ಲಿಕ್ ಆಗುವ ಹೊಂದಿಸಬಲ್ಲ ವ್ರೆಂಚ್‌ಗೆ ಶೇ 4ರಷ್ಟು ಏರುಪೇರಿಗೆ ಅವಕಾಶ. 20 ಶೇಕಡಾಕ್ಕಿಂತ ಕೆಳಗೆ ಅಳೆದೇ ಇರುವುದಿಲ್ಲವಾದ್ದರಿಂದ 100ರ ವ್ರೆಂಚ್‌ನಲ್ಲಿ 10 ನ್ಯೂಟನ್ ಮೀಟರ್ ಬಿಗಿಯುವುದು ತಪ್ಪು. ಕೆಲಸ ಮುಗಿದ ಮೇಲೆ ಸ್ಕೇಲಿನ ಅತಿ ಕಡಿಮೆ ಗುರುತಿಗೆ ಇಳಿಸಿಡಿ, ಅದಕ್ಕೂ ಕೆಳಗೆ ಬೇಡ. ಬೋಲ್ಟ್ ಬಿಚ್ಚಲು ಬಳಸಬೇಡಿ.

ಕ್ರೋಫುಟ್ (ವ್ರೆಂಚ್ ತುದಿಗೆ ಸೇರಿಸುವ ತೆರೆದ ಬಾಯಿಯ ಸ್ಪ್ಯಾನರ್ ತಲೆ) ಹಾಕಿ ಉದ್ದ ಹೆಚ್ಚಿಸಿದಾಗ ಲೆಕ್ಕ ಬದಲಾಗುತ್ತದೆ. ವ್ರೆಂಚ್ ಉದ್ದ 400 ಮಿ.ಮೀ., ನೇರವಾಗಿ ಮುಂದಕ್ಕೆ ಸೇರಿಸಿದ್ದು 100 ಮಿ.ಮೀ., ಬೇಕಾದ ಟಾರ್ಕ್ 40 ನ್ಯೂಟನ್ ಮೀಟರ್ ಎನ್ನಿ. 40 × 400 ÷ 500 = 32ಕ್ಕೆ ಹೊಂದಿಸಬೇಕು. ಮರೆತು 40ಕ್ಕೇ ಇಟ್ಟರೆ ಬೋಲ್ಟಿಗೆ 50 ಬೀಳುತ್ತದೆ, ಕಾಲು ಪಾಲು ಹೆಚ್ಚು. ವ್ರೆಂಚ್ ಸರಿಯಿದ್ದೂ, ಸರ್ಟಿಫಿಕೇಟ್ ಇದ್ದೂ ಆಗುವ ತಪ್ಪು ಇದು. ಇಂಚ್-ಪೌಂಡ್ ಮತ್ತು ಫುಟ್-ಪೌಂಡ್ ಅದಲುಬದಲಾದರೆ 12 ಪಟ್ಟು ವ್ಯತ್ಯಾಸ, ಹಾಗಾಗಿ ಎರಡು ಬಗೆಯ ವ್ರೆಂಚ್‌ಗಳನ್ನು ಬೇರೆ ಬೇರೆ ಡ್ರಾಯರ್‌ನಲ್ಲಿಡಿ.

ಪ್ರೆಷರ್ ಗೇಜ್‌ನಲ್ಲಿ ಜನ ಮೋಸಹೋಗುವುದು ನಿಖರತೆಯ ಅಂಕಿಯಲ್ಲಿ. ಶೇ 1 ಎಂದು ಬರೆದ 3,000 ಪಿಎಸ್‌ಐ ಗೇಜ್ ಎಂದರೆ ಪೂರ್ಣ ಮಾಪನದ ಶೇ 1, ಅಂದರೆ 30 ಪಿಎಸ್‌ಐ. ಅದರಲ್ಲಿ 200 ಪಿಎಸ್‌ಐ ಟೈರ್ ಅಳೆದರೆ ತಪ್ಪು ಶೇ 15ರವರೆಗೆ ಹೋಗಬಹುದು, ಗೇಜ್ ಮಾತ್ರ ಕ್ಯಾಲಿಬ್ರೇಷನ್‌ನಲ್ಲಿ ಪಾಸಾಗಿಯೇ ಇರುತ್ತದೆ. ಕೆಲಸಕ್ಕೆ ತಕ್ಕ ವ್ಯಾಪ್ತಿಯ ಗೇಜ್ ಇಡಿ.

ಕ್ರಿಂಪಿಂಗ್ ಟೂಲಿನ ಬಾಯಿಯ ಅಳತೆ ಮಿತಿಯೊಳಗಿದೆಯೇ ಎಂದು ನೋಡಲು ಗೋ-ನೋಗೋ ಗೇಜ್ ಇರುತ್ತದೆ. ಹಿಡಿಗಳನ್ನು ಪೂರ್ತಿ ಮುಚ್ಚಿ, ಆಮೇಲೆ ಗೇಜ್ ತೂರಿಸಿ ನೋಡಬೇಕು. ಗೇಜ್ ಒಳಗಿಟ್ಟು ಹಿಡಿ ಒತ್ತಿದರೆ ಗೇಜೂ ಹಾಳು, ಟೂಲೂ ಹಾಳು.

ನಮ್ಮ ಕಡೆಯ ಬಿಸಿಲಿನ ವಿಷಯವೂ ಇದೆ. ಉದ್ದದ ಅಳತೆಗೆ ಜಗತ್ತಿನಾದ್ಯಂತ ಆಧಾರ ತಾಪಮಾನ 20 ಡಿಗ್ರಿ. ಕೋಲಾರದ ಏಪ್ರಿಲ್‌ನಲ್ಲಿ ಶೀಟ್ ಛಾವಣಿಯ ಶೆಡ್ 35 ಡಿಗ್ರಿಗೆ ಹೋಯಿತೆನ್ನಿ. 300 ಮಿ.ಮೀ. ಅಲ್ಯೂಮಿನಿಯಂ ಭಾಗ ಸುಮಾರು 0.10 ಮಿ.ಮೀ. ಹಿಗ್ಗುತ್ತದೆ, ಅದನ್ನು ಅಳೆಯುವ ಉಕ್ಕಿನ ಉಪಕರಣ 0.05ರಷ್ಟೇ ಹಿಗ್ಗುತ್ತದೆ. ಇಲ್ಲದ 0.05 ಮಿ.ಮೀ. ವ್ಯತ್ಯಾಸ ವರದಿಗೆ ಬರುತ್ತದೆ. ಟಾಲರೆನ್ಸ್ ಬಿಗಿಯಿರುವ ಭಾಗಗಳನ್ನು ಎಸಿ ಕೋಣೆಯಲ್ಲಿ, ಭಾಗ ಮತ್ತು ಉಪಕರಣ ಎರಡೂ ಒಂದೇ ತಾಪಕ್ಕೆ ಬಂದ ಮೇಲೆ ಅಳೆಯಿರಿ.

ಪೀಣ್ಯದ ಲ್ಯಾಬಿಗೆ ಉಪಕರಣ ಕಳಿಸುವಾಗ ಸ್ಕೂಟರ್ ಡಿಕ್ಕಿಯಲ್ಲಿ ಹಾಕಿ ಕಳಿಸುವವರಿದ್ದಾರೆ. ಹಾಗೆ ವಾಪಸ್ ಬಂದ ವ್ರೆಂಚ್‌ನ ಸರ್ಟಿಫಿಕೇಟ್ ಲ್ಯಾಬಿನ ಬಾಗಿಲವರೆಗಿನದ್ದು ಮಾತ್ರ. ಗಟ್ಟಿ ಪೆಟ್ಟಿಗೆ, ಒಳಗೆ ಫೋಮ್, ಬಂದ ಮೇಲೆ ನಿಮ್ಮದೇ ಟಾರ್ಕ್ ಟೆಸ್ಟರ್‌ನಲ್ಲಿ ಒಂದು ಪರೀಕ್ಷೆ. ಇಷ್ಟು ಮಾಡಿದ ಮೇಲೆ ಕೌಂಟರ್‌ಗೆ ಬರಲಿ.

ಹೆಜ್ಜೆ 5: ಟೂಲ್ ಫೇಲಾದರೆ

ಇದು ಇಡೀ ವ್ಯವಸ್ಥೆಯ ನಿಜವಾದ ಪರೀಕ್ಷೆ. ಬಹಳ ಕಡೆ ಫೇಲಾದ ವ್ರೆಂಚ್ ಸರಿಮಾಡಿಸಿ ಮತ್ತೆ ಕಪಾಟಿಗೆ ಇಡುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಹಾರಾಡುತ್ತಿರುವ ವಿಮಾನಗಳ ಮಾತು ಯಾರೂ ಎತ್ತುವುದಿಲ್ಲ.

20ರಿಂದ 100 ನ್ಯೂಟನ್ ಮೀಟರ್‌ನ ಒಂದು ವ್ರೆಂಚ್ ವಾರ್ಷಿಕ ಪರೀಕ್ಷೆಗೆ ಹೋಗಿ, 60ಕ್ಕೆ ಹೊಂದಿಸಿದಾಗ 66 ಕೊಡುತ್ತಿದೆ ಎಂದು ಬಂತು ಎನ್ನೋಣ. ಶೇ 10 ಹೆಚ್ಚು, ಅವಕಾಶ ಶೇ 4. ಮೊದಲು ಟೂಲ್ ಕ್ವಾರಂಟೈನ್. ಆಮೇಲೆ ಹಿಂದಿನ ಒಳ್ಳೆಯ ಫಲಿತಾಂಶದ ದಿನದಿಂದ ಇಂದಿನವರೆಗೆ ಈ ಸೀರಿಯಲ್ ನಂಬರ್ ಬರೆದಿರುವ ಎಲ್ಲ ಟಾಸ್ಕ್ ಕಾರ್ಡ್ (ವಿಮಾನದ ಮೇಲೆ ಮಾಡಿದ ಪ್ರತಿ ಕೆಲಸದ ದಾಖಲೆ) ತೆಗೆಯಬೇಕು. ಪ್ರತಿ ಕೆಲಸಕ್ಕೂ ಮ್ಯಾನುಯಲ್ ಕೊಟ್ಟ ಟಾರ್ಕ್ ಮಿತಿ ನೋಡಬೇಕು. ಮಿತಿ 54ರಿಂದ 62 ಇದ್ದು 58ಕ್ಕೆ ಬಿಗಿದಿದ್ದರೆ ನಿಜವಾಗಿ ಬಿದ್ದದ್ದು 63.8, ಹೊರಗೆ ಹೋಯಿತು. ಮಿತಿ 50ರಿಂದ 70 ಇದ್ದರೆ ಅದೇ ತಪ್ಪು ಒಳಗೇ ಉಳಿಯುತ್ತದೆ. ಆ ಲೆಕ್ಕ ಬರೆದಿಟ್ಟು ಮುಚ್ಚಬಹುದು. ಕಡಿಮೆ ಬಿಗಿದಿದ್ದರೆ ಮತ್ತೆ ಬಿಗಿಯುವ ದಾರಿ ಸಾಮಾನ್ಯವಾಗಿ ಇರುತ್ತದೆ. ಹೆಚ್ಚು ಬಿಗಿದಿದ್ದರೆ ಬೋಲ್ಟ್ ಎಳೆದುಕೊಂಡಿರಬಹುದು, ಸಡಿಲಿಸಿ ಮತ್ತೆ ಬಿಗಿದರೆ ಸರಿಹೋಗುವುದಿಲ್ಲ, ಬದಲಿಸಬೇಕೇ ಎಂದು ಎಂಜಿನಿಯರಿಂಗ್ ತೀರ್ಮಾನಿಸಬೇಕು. ವಿಮಾನದ ಮಾಲೀಕ ಸಂಸ್ಥೆಗೆ ಲಿಖಿತವಾಗಿ ತಿಳಿಸಿ. ಸುರಕ್ಷತೆಗೆ ಧಕ್ಕೆ ತರುವಂಥದ್ದಾದರೆ 145.ಎ.60ರಂತೆ ಡಿಜಿಸಿಎಗೆ ವರದಿ ಹೋಗಬೇಕು.

ಈ ಹಿಂದಕ್ಕೆ ಹುಡುಕುವ ಕೆಲಸ ಸಾಧ್ಯವಾಗುವುದು ಒಂದೇ ಷರತ್ತಿನ ಮೇಲೆ: ಟಾಸ್ಕ್ ಕಾರ್ಡ್‌ನಲ್ಲಿ ಟೂಲಿನ ಸೀರಿಯಲ್ ನಂಬರ್ ಬರೆದಿರಬೇಕು. ‘ಟಾರ್ಕ್ ವ್ರೆಂಚ್ ಬಳಸಿದೆ’ ಎಂದು ಬರೆದರೆ ಬರೆಯದಂತೆಯೇ ಲೆಕ್ಕ. ಸ್ಟೋರ್‌ನ ವಿತರಣೆ ರಿಜಿಸ್ಟರ್‌ನಲ್ಲೂ ಟೆಕ್ನಿಷಿಯನ್ ಹೆಸರಿನ ಜೊತೆ ವಿಮಾನದ ನೋಂದಣಿ ಗುರುತು, ಟಾಸ್ಕ್ ನಂಬರ್ ಇರಲಿ. ಶಿಫ್ಟ್‌ಗೊಮ್ಮೆ ಪಡೆದು ಮೂರು ವಿಮಾನಕ್ಕೆ ಬಳಸುವ ಅಭ್ಯಾಸ ಇರುವಲ್ಲಿ ಟಾಸ್ಕ್ ಕಾರ್ಡ್ ಮಾತ್ರವೇ ಆಧಾರ.

ಅನುಮಾನದ ಅವಧಿ ಚಿಕ್ಕದು ಮಾಡುವುದಕ್ಕೂ ಉಪಾಯವಿದೆ. ವರ್ಷಕ್ಕೊಮ್ಮೆ ಮಾತ್ರ ಪರೀಕ್ಷಿಸಿದರೆ ಫೇಲಾದಾಗ 12 ತಿಂಗಳ ಕೆಲಸವೆಲ್ಲ ಅನುಮಾನಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ಸ್ಟೋರ್‌ನಲ್ಲೇ ಟಾರ್ಕ್ ಟೆಸ್ಟರ್ ಮೇಲೆ ಒತ್ತಿ ನೋಡಿ ಬರೆದಿಟ್ಟರೆ ಒಂದು ವಾರದ ಕೆಲಸ ಮಾತ್ರ. ಟೆಸ್ಟರ್ ಕೂಡ ಕ್ಯಾಲಿಬ್ರೇಟ್ ಆಗಿರಬೇಕು, ಅದರ ನಿಖರತೆ ವ್ರೆಂಚ್‌ಗಿಂತ ನಾಲ್ಕು ಪಟ್ಟು ಉತ್ತಮವಿದ್ದರೆ ಒಳ್ಳೆಯದು. ಅದರ ಬೆಲೆ ದುಬಾರಿ ಎನಿಸಬಹುದು. ಒಂದು ವರ್ಷದ ಟಾಸ್ಕ್ ಕಾರ್ಡ್ ಜಾಲಾಡಿ, ವಿಮಾನಗಳನ್ನು ನಿಲ್ಲಿಸಿ ನೋಡುವ ಖರ್ಚಿನ ಪಕ್ಕ ಇಟ್ಟು ತೂಗಿ.

ಹೆಜ್ಜೆ 6: ಕೊಡುವುದು, ಮರಳಿ ಪಡೆಯುವುದು

ಪ್ರತಿ ಟೂಲಿಗೂ ಆಕಾರ ಕೊರೆದ ಫೋಮ್ ಅಥವಾ ನೆರಳಚ್ಚಿನ ಬೋರ್ಡ್, ಪ್ರತಿ ವ್ಯಕ್ತಿಗೂ ನಂಬರಿನ ಟೋಕನ್. ಶಿಫ್ಟ್ ಮುಗಿಯುವಾಗ ಎಣಿಕೆ. ಟೆಕ್ನಿಷಿಯನ್‌ಗಳ ಸ್ವಂತ ಟೂಲ್ ಬಾಕ್ಸ್‌ಗೂ ಪಟ್ಟಿ ಬೇಕು, ಗುತ್ತಿಗೆ ಮೇಲೆ ಬಂದವರದ್ದಕ್ಕೂ ಬೇಕು. ಕಿಟ್ ಪೆಟ್ಟಿಗೆಯೊಳಗಿನ ಸಣ್ಣ ಭಾಗಗಳನ್ನು ಬಿಡಿಬಿಡಿಯಾಗಿ ಎಣಿಸಿ. ಪೆಟ್ಟಿಗೆ ವಾಪಸ್ ಬಂತು ಎಂದರೆ ಒಳಗಿರುವುದೆಲ್ಲ ಬಂತು ಎಂದಲ್ಲ.

ಒಂದು ಕಡಿಮೆ ಬಂದರೆ ವಿಮಾನ ಬಿಡುಗಡೆಯಾಗಬಾರದು, ಯಾರೇ ಅವಸರಪಡಿಸಲಿ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ವಾಂಟಾಸ್‌ನ ಎ380ರ ಎಂಜಿನ್ ತಪಾಸಣೆಗೆ ಬಳಸಿದ 1.25 ಮೀಟರ್ ಉದ್ದದ ನೈಲಾನ್ ಟೂಲ್ ಎಂಜಿನ್ ಒಳಗೇ ಉಳಿಯಿತು. ಅದು ಕಾಣಿಸುತ್ತಿಲ್ಲ ಎಂಬುದು ಗೊತ್ತಾಗಿತ್ತು, ಆದರೆ ಬಿಡುಗಡೆಗೆ ಸಹಿ ಹಾಕುವ ಮೊದಲು ಕಳೆದ ಟೂಲ್ ಹುಡುಕುವ ಕ್ರಮ ಶುರುವಾಗಲಿಲ್ಲ ಎಂದು ಆಸ್ಟ್ರೇಲಿಯಾದ ತನಿಖೆ ಹೇಳಿದೆ. ವಿಮಾನ 34 ಬಾರಿ ಹಾರಿದ ಮೇಲೆ, 2024ರ ಜನವರಿ 1ರಂದು ಅದು ಸಿಕ್ಕಿತು. ನಿಮ್ಮ ಕ್ರಮದಲ್ಲಿ ಹೀಗಿರಲಿ: ಟೂಲ್ ಸಿಗದಿದ್ದರೆ ಯಾರಿಗೆ ಮೊದಲು ಹೇಳಬೇಕು, ವಿಮಾನದ ಲಾಗ್‌ನಲ್ಲಿ ಯಾರು ಬರೆಯಬೇಕು, ಎಲ್ಲೆಲ್ಲಿ ಹುಡುಕಬೇಕು, ಸಿಗದೇ ಹೋದರೆ ವಿಮಾನದಲ್ಲಿಲ್ಲ ಎಂದು ಯಾವ ಆಧಾರದ ಮೇಲೆ ಯಾರು ಸಹಿ ಮಾಡಬೇಕು. ಟೂಲ್ ಕಳೆದುಕೊಂಡವನಿಗೆ ಬೈಗುಳ ಕಾದಿದ್ದರೆ ಅವನು ಹೇಳುವುದಿಲ್ಲ. ಹೇಳಿದವನಿಗೆ ರಕ್ಷಣೆ ಇರಲೇಬೇಕು.

ಹೆಜ್ಜೆ 7: ಸ್ಟ್ಯಾಂಡ್, ಜಾಕ್, ಸ್ಲಿಂಗ್

ಕೈಗೆ ಎಟುಕಿಸುವ ಸ್ಟ್ಯಾಂಡ್ ಕೂಡ ನಿಯಮದ ಲೆಕ್ಕದಲ್ಲಿ ಉಪಕರಣವೇ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ ಬಿಎಸಿ 1-11 ವಿಮಾನದ ಕಾಕ್‌ಪಿಟ್ ಗಾಜು ಆಕಾಶದಲ್ಲಿ ಹಾರಿಹೋಗಿ ಕ್ಯಾಪ್ಟನ್ ಅರ್ಧ ಹೊರಕ್ಕೆ ಸೆಳೆಯಲ್ಪಟ್ಟರು. 90 ಬೋಲ್ಟ್‌ಗಳಲ್ಲಿ 84 ತೀರಾ ಸಣ್ಣ ವ್ಯಾಸದವು. ಬಿಗಿಯುವಾಗ ಸ್ಟ್ಯಾಂಡ್ ಸರಿಯಾಗಿ ಎಟುಕದೆ ಮೈ ಚಾಚಿ ಕೆಲಸ ಮಾಡಬೇಕಾಗಿ ಬಂದು, ಬೋಲ್ಟ್ ತಲೆ ಕುಳಿಯಲ್ಲಿ ಕೂತ ರೀತಿ ಕಣ್ಣಿಗೆ ಬೀಳಲಿಲ್ಲ. ಪ್ರತಿ ಸ್ಟ್ಯಾಂಡ್‌ಗೂ ನಂಬರ್, ಭಾರದ ಮಿತಿ, ತಪಾಸಣೆ ತಾರೀಕು ಬೇಕು. ಚಕ್ರದ ಬ್ರೇಕ್, ಕೈ ಹಿಡಿಯುವ ಕಂಬಿ, ವಿಮಾನಕ್ಕೆ ತಾಗುವ ಕಡೆಯ ರಬ್ಬರ್ ನೋಡಬೇಕು.

ಜಾಕ್‌ಗಳಲ್ಲಿ ಎಣ್ಣೆ ಸೋರಿಕೆ, ಲಾಕ್ ಕಾಲರ್, ಲೋಡ್ ಟೆಸ್ಟ್ ಗಡುವು. ಸ್ಲಿಂಗ್‌ಗಳಲ್ಲಿ ಹರಿದ ತಂತಿ ಎಳೆ, ಗುರುತಿನ ಬಿಲ್ಲೆ. ಹೈಡ್ರಾಲಿಕ್ ರಿಗ್‌ಗೆ ಯಾವ ಎಣ್ಣೆ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ: ಫಾಸ್ಫೇಟ್ ಎಸ್ಟರ್ ಎಂಬ ಹೈಡ್ರಾಲಿಕ್ ದ್ರವ ಬಳಸುವ ವಿಮಾನಕ್ಕೆ ಮಿನರಲ್ ಎಣ್ಣೆ ಸೇರಿದರೆ ಸೀಲ್‌ಗಳು ಹಾಳಾಗುತ್ತವೆ. ಆಕ್ಸಿಜನ್ ಗಾಡಿಯ ಹತ್ತಿರ ಗ್ರೀಸ್ ಕೈ ಸುಳಿಯಬಾರದು.

ಹೆಜ್ಜೆ 8: ಆಡಿಟ್ ದಿನ ಮತ್ತು ಆಮೇಲೆ

ಆಡಿಟರ್ ಸಾಮಾನ್ಯವಾಗಿ ಎರಡು ದಿಕ್ಕಿನಿಂದ ಬರುತ್ತಾರೆ. ಮುಗಿದ ಒಂದು ಟಾಸ್ಕ್ ಕಾರ್ಡ್ ಹಿಡಿದು ಟೂಲ್, ಅದರ ಸರ್ಟಿಫಿಕೇಟ್, ಲ್ಯಾಬಿನ ವ್ಯಾಪ್ತಿಯವರೆಗೆ ಹೋಗುತ್ತಾರೆ. ಅಥವಾ ಕಪಾಟಿನಿಂದ ಒಂದು ಟೂಲ್ ತೆಗೆದು ಅದು ಮಾಡಿದ ಕೆಲಸಗಳವರೆಗೆ ಹೋಗುತ್ತಾರೆ. ನಿಮ್ಮ ಆಂತರಿಕ ಆಡಿಟ್‌ನಲ್ಲೂ ಹತ್ತು ಟೂಲ್ ಆರಿಸಿ ಎರಡೂ ದಿಕ್ಕಿಗೆ ಹೋಗಿ ನೋಡಿ. ಎಲ್ಲಿ ದಾರಿ ಕಡಿಯುತ್ತದೋ ಅದೇ ನಿಮ್ಮ ದೋಷ. ಡೆಸ್ಕ್ ಡ್ರಾಯರ್, ಲಾಕರ್, ವ್ಯಾನ್‌ನ ಹಿಂಬದಿಯನ್ನೂ ನೋಡಿ. ಗಡುವು ಮೀರಿದ ಗೇಜ್‌ಗಳು ಇರುವುದು ಅಲ್ಲೇ.

ಆಕ್ಷೇಪ ಎರಡು ಮಟ್ಟದ್ದು. ಹಾರಾಟ ಸುರಕ್ಷತೆಗೆ ಗಂಭೀರ ಅಪಾಯವಿದ್ದರೆ ಲೆವೆಲ್ 1. ಡಿಜಿಸಿಎ ಅನುಮೋದನೆಯನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಹಿಡಿದಿಡಬಹುದು. ಉಳಿದದ್ದು ಲೆವೆಲ್ 2. ಗಡುವಿನೊಳಗೆ ಸರಿಪಡಿಸಬೇಕು, ಮೀರಿದರೆ ಅದೂ ಮೇಲಕ್ಕೇರುತ್ತದೆ. ಉತ್ತರ ಬರೆಯುವಾಗ ‘ವ್ರೆಂಚ್ ಕ್ಯಾಲಿಬ್ರೇಟ್ ಮಾಡಿಸಲಾಗಿದೆ, ಸಿಬ್ಬಂದಿಗೆ ಎಚ್ಚರಿಕೆ ನೀಡಲಾಗಿದೆ’ ಎಂದು ಮುಗಿಸಿದರೆ ವಾಪಸ್ ಬರುತ್ತದೆ. ಗಡುವು ಮೀರಿದ ವ್ರೆಂಚ್ ಕೌಂಟರ್‌ನಿಂದ ಹೊರಗೆ ಹೋದದ್ದು ಹೇಗೆ, ಅದು ಮುಟ್ಟಿದ ಕೆಲಸಗಳ ಪಟ್ಟಿ ಎಲ್ಲಿ, ಅದೇ ದಾರಿಯಲ್ಲಿ ಬೇರೆ ಟೂಲ್‌ಗಳೂ ಹೋಗಿವೆಯೇ, ಈ ಮೂರಕ್ಕೂ ಕಾಗದದ ಸಮೇತ ಉತ್ತರ ಕೊಡಿ. ಗಡುವು ಮೀರಿದ ಟೂಲನ್ನು ಕಂಪ್ಯೂಟರ್ ತಾನೇ ತಡೆಹಿಡಿಯುವಂತೆ ಮಾಡಿದ್ದರೆ, ತಡೆದ ಪರದೆಯ ಚಿತ್ರವನ್ನೇ ಉತ್ತರದ ಜೊತೆ ಲಗತ್ತಿಸಿ.